ನೆರೆಯೂರು ಪಾಲಮ್

"ನಿಮ್ಮ ಸ್ವಂತ ಊರು ಯಾವುದು?" ಎಂಬ ಪ್ರಶ್ನೆಗೆ ದಿಲ್ಲಿಯ ಕನ್ನಡ ಮಕ್ಕಳಾದ ನಾವು ಬಹು ಸುಲಭವಾಗಿ ಉತ್ತರ ಕೊಡುವುದುಂಟು. ಒಬ್ಬನು ಧಾರವಾಡವೆನ್ನುವನು, ಒಬ್ಬಳು ಮಂಡ್ಯವೆನ್ನುವಳು, ಇನ್ನೊಬ್ಬರು ಪುತ್ತೂರೆನ್ನುವರು. ಆ ಊರುಗಳಲ್ಲಿ ನಾವು ಹುಟ್ಟಿದವರಲ್ಲ, ಬೆಳೆದವರೂ ಅಲ್ಲ. ಬೇಸಗೆಯ ರಜೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಹೋಗಿ, ಹದಿನೈದು ದಿನ ಇದ್ದು, ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳ ಗಂಟು ಕಟ್ಟಿಕೊಂಡು ಹಿಂದಿರುಗುವವರು. ಆದರೂ ಅವು ನಮ್ಮ ಊರುಗಳೇ. ಊರೆಂಬುದು ಇರುವ ಸ್ಥಳವಲ್ಲ, ಹೇಳಿಕೊಳ್ಳುವ ಸ್ಥಳ ಎಂದು ನಾವು ತಿಳಿದಿದ್ದೆವು.

ಇಲ್ಲಿ "ನಾವು" ಎಂದು ಬರೆಯುವುದಕ್ಕೆ ಕಾರಣವುಂಟು. ನಾವು ಅವಳಿಗಳು. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಓದುವವರು. ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದುವ ಅಭ್ಯಾಸ ಮೊದಲಿನಿಂದಲೂ ಇರುವುದರಿಂದ, ಈ ಪ್ರಬಂಧದ ಯಾವ ವಾಕ್ಯ ಯಾರದೆಂದು ನಮಗೇ ತಿಳಿಯದು.

ಕಳೆದ ವರ್ಷ ನಮ್ಮ ಕನ್ನಡ ಗುರುಗಳು "ನಮ್ಮ ಊರಿನ ಚರಿತ್ರೆ ಮತ್ತು ವಿಶೇಷಗಳು" ಎಂಬ ವಿಷಯವಾಗಿ ಪ್ರಬಂಧ ಬರೆದು ತರುವಂತೆ ಅಪ್ಪಣೆ ಮಾಡಿದರು. ಅದಕ್ಕೆ ಕೆಲವು ದಿನ ಮೊದಲು ಇಂಗ್ಲಿಷ್ ತರಗತಿಯಲ್ಲಿ ಇಂಗ್ಲೆಂಡಿನ ಹಳ್ಳಿಗಳ ವಿಚಾರ ಬಂದಿದ್ದಿತು. ವಿಲಿಯಂ ದೊರೆಯು ೧೦೮೬ರಲ್ಲಿ ತನ್ನ ರಾಜ್ಯದ ಊರೂರಿನ ಭೂಮಿ, ನೇಗಿಲು, ಗಿರಣಿಗಳನ್ನು ಲೆಕ್ಕ ಮಾಡಿಸಿ ಬರೆಯಿಸಿದ ಡೂಮ್ಸ್‌ಡೇ ಎಂಬ ಪುಸ್ತಕವೊಂದಿದೆ. ತಮ್ಮ ಹಳ್ಳಿಯ ಹೆಸರು ಆ ಪುಸ್ತಕದಲ್ಲಿ ಇರುವುದನ್ನು ಅಲ್ಲಿಯ ಜನರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವರು. ಒಂದು ಚರ್ಚು, ಒಂದು ಹೊಳೆ, ಒಂದು ಹಸುರು ಬಯಲು ಇಷ್ಟೇ ಇರುವ ಚಿಕ್ಕ ಊರಿಗೂ ಅಲ್ಲಿ ಯಾರಾದರೊಬ್ಬರು ಕುಳಿತು ಚರಿತ್ರೆ ಬರೆದಿರುತ್ತಾರೆ. ನಮ್ಮ ಗುರುಗಳಿಗೆ ಈ ಸಂಗತಿ ಬಹಳ ಹಿಡಿಸಿತ್ತು. "ಅವರ ಹಳ್ಳಿಯನ್ನು ಓದಿದ್ದಾಯಿತು, ಇನ್ನು ನಿಮ್ಮ ಹಳ್ಳಿಯನ್ನು ಬರೆಯಿರಿ" ಎಂದರು.

ಮಿತ್ರರೆಲ್ಲರೂ ಊರಿಗೆ ದೂರವಾಣಿ ಮಾಡಿ ಅಜ್ಜಂದಿರಿಂದ, ಮಾವಂದಿರಿಂದ ವಿಷಯ ಸಂಗ್ರಹಿಸತೊಡಗಿದರು. ನಮಗೆ ಅಷ್ಟು ಶ್ರಮವೂ ಇರಲಿಲ್ಲ. ನಮ್ಮ ಅಜ್ಜಿಯವರು ಅಜ್ಜ ತೀರಿಕೊಂಡ ಮೇಲೆ ದಿಲ್ಲಿಗೆ ಬಂದು ನಮ್ಮ ಮನೆಯಲ್ಲಿಯೇ ಇದ್ದರು. ಅವರು ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯವರು. ನಾವು ಪುಸ್ತಕ, ಪೆನ್ನು ಹಿಡಿದುಕೊಂಡು ಅವರ ಮುಂದೆ ಕುಳಿತು, "ಅಜ್ಜಿ, ನಮ್ಮ ಊರಿನ ಚರಿತ್ರೆ ಹೇಳಿ" ಎಂದೆವು.

ಅಜ್ಜಿ ಅಡಕೆ ಹೋಳು ಮಾಡುತ್ತಿದ್ದವರು ಕತ್ತರಿಯನ್ನು ಕೆಳಗಿಟ್ಟರು. "ನಮ್ಮೂರು ಮುಳುಗಡೆಯಾತು ಮಕ್ಕಳಾ. ನೀರಿನಡಿಗೆ ಇದೆ. ಏನಂತ ಬರೀತೀರಿ?" ಎಂದರು.

ಅಜ್ಜಿಯ ಊರು ಮುಳುಗಿದ ಸಂಗತಿ ನಮಗೆ ತಿಳಿಯದೆ ಇರಲಿಲ್ಲ. ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಸಮುದ್ರಮಟ್ಟದಿಂದ ೧೮೧೯ ಅಡಿ ಎತ್ತರದವರೆಗೆ ನೀರು ನಿಲ್ಲುವಂತೆ ಕಟ್ಟಿದ ಆ ಜಲಾಶಯವು ತುಂಬಿದಾಗ ಸುಮಾರು ೩೦೦ ಚದರ ಕಿಲೋಮೀಟರ್ ನೆಲವನ್ನು ಆವರಿಸುವುದು. ಅಡಕೆಯ ತೋಟ, ಗದ್ದೆ, ದೇವಾಲಯ, ಕಾಡುಗಳು ಮುಳುಗಿದುವು. ಸಾವಿರಾರು ಸಂಸಾರಗಳು ಊರು ಬಿಟ್ಟುವು. ಆಗ ಅಜ್ಜಿಗೆ ಹತ್ತು ವರ್ಷ. ಇಷ್ಟನ್ನು ನಾವು ಒಂದು ಪಾಠವನ್ನು ತಿಳಿಯುವಂತೆ ತಿಳಿದಿದ್ದೆವು. ಅದು ನಮ್ಮ ಅಜ್ಜಿಯ ಮೈಮೇಲೆ ನಡೆದ ಸಂಗತಿಯೆಂದು ತಿಳಿದಿರಲಿಲ್ಲ.

ಇದಕ್ಕೆ ಪ್ರಮಾಣವಾಗಿ ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದೇ ವರ್ಷ ಒಂದು ಚರ್ಚಾಸ್ಪರ್ಧೆಯಲ್ಲಿ ನಾವು ದೊಡ್ಡ ಅಣೆಕಟ್ಟುಗಳ ಪರವಾಗಿ ವಾದಿಸಿ ಬಹುಮಾನ ಪಡೆದಿದ್ದೆವು. "ನಾಡಿನ ಏಳಿಗೆಗಾಗಿ ಕೆಲವರು ತ್ಯಾಗ ಮಾಡಲೇಬೇಕು" ಎಂಬ ವಾಕ್ಯವನ್ನು ಕೈಯೆತ್ತಿ ಹೇಳುವುದನ್ನು ಮನೆಯ ನಡುಮನೆಯಲ್ಲಿ ನಿಂತು ಎಷ್ಟೋ ಸಲ ಅಭ್ಯಾಸ ಮಾಡಿದ್ದೆವು. ಅಜ್ಜಿ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು, ಏನೂ ಹೇಳಿರಲಿಲ್ಲ. ಪ್ರಬಂಧದ ವಿಷಯವಾಗಿ ಕೇಳಿದ ಆ ದಿನ ಮಾತ್ರ ಹೇಳಿದರು: "ತ್ಯಾಗ ಅಂದ್ರೆ ನಾವಾಗಿ ಕೊಡೋದು, ಮಕ್ಕಳಾ. ನಮ್ಮನ್ನ ಯಾರೂ ಕೇಳ್ಲಿಲ್ಲ."

ನಾವು ಪುಸ್ತಕ ಮುಚ್ಚಿ ಎದ್ದುಬಂದೆವು.

ಮರುದಿನ ಗುರುಗಳ ಬಳಿಗೆ ಹೋಗಿ, ನಮಗೆ ಊರಿಲ್ಲವೆಂದೂ ಬೇರೆ ವಿಷಯ ಕೊಡಬೇಕೆಂದೂ ಬೇಡಿಕೊಂಡೆವು. ಗುರುಗಳು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ಮನೆ ಎಲ್ಲಿ?" ಎಂದರು. "ದ್ವಾರಕಾದಲ್ಲಿ" ಎಂದೆವು. "ದ್ವಾರಕಾ ಬರುವ ಮೊದಲು ಅಲ್ಲಿ ಏನಿತ್ತು?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ಏನಾದರೂ ಇದ್ದಿರಬಹುದೆಂದು ನಾವು ಎಂದೂ ಎಣಿಸಿರಲಿಲ್ಲ. "ಪಾಲಮ್ ನಿಮಗೆ ನೆರೆಯೂರು. ನೋಡಿಕೊಂಡು ಬನ್ನಿ" ಎಂದು ಗುರುಗಳು ಅಪ್ಪಣೆ ಕೊಟ್ಟರು.

ಪಾಲಮ್ ಎಂದರೆ ನಮಗೆ ಮೆಟ್ರೋ ರೈಲಿನ ಒಂದು ನಿಲ್ದಾಣ ಮಾತ್ರವಾಗಿದ್ದಿತು. ೨೦೧೮ರಲ್ಲಿ ತೆರೆದ ಆ ನಿಲ್ದಾಣದಿಂದ ಹೊರಗೆ ಬಂದು ಜನರನ್ನು ಕೇಳುತ್ತ ಹೋದರೆ ಹಳೆಯ ಊರು ಸಿಗುವುದು. ಬೀದಿಗಳು ಕಿರಿದಾಗುತ್ತ ಆಗುತ್ತ, ಕಡೆಗೆ ಎರಡು ಕೈಗಳನ್ನು ಚಾಚಿದರೆ ಎರಡು ಕಡೆಯ ಗೋಡೆಗಳು ತಗಲುವಷ್ಟಾಗುವುವು. ನಾಲ್ಕೈದು ಅಂತಸ್ತಿನ ಮನೆಗಳ ನಡುವೆ ಆಕಾಶವು ಒಂದು ಪಟ್ಟಿಯಂತೆ ಕಾಣುವುದು. ವಿದ್ಯುತ್ ತಂತಿಗಳು ಬಳ್ಳಿಗಳಂತೆ ಹೆಣೆದುಕೊಂಡಿರುವುವು. ಇದೆಂತಹ ಹಳ್ಳಿ ಎಂದು ನಮಗೆ ಮೊದಲು ನಗು ಬಂದಿತು. ಆದರೆ ಒಂದು ತಿರುವಿನಲ್ಲಿ ಸಗಣಿಯ ವಾಸನೆ ಬಂದಿತು. ನೋಡಿದರೆ ಎರಡು ಎಮ್ಮೆಗಳು ಮೆಲುಕು ಹಾಕುತ್ತ ನಿಂತಿದ್ದುವು. ಮತ್ತೊಂದು ತಿರುವಿನಲ್ಲಿ ಹಗ್ಗದ ಮಂಚದ ಮೇಲೆ ಮುದುಕರು ಕುಳಿತು ಹುಕ್ಕಾ ಸೇದುತ್ತಿದ್ದರು. ಆಡುವ ಮಾತು ನಾವು ಶಾಲೆಯಲ್ಲಿ ಕಲಿತ ಹಿಂದಿಯಲ್ಲ. ಹರಿಯಾಣದ ಗಡುಸಾದ ಹಳ್ಳಿನುಡಿ. ಹಳ್ಳಿಯು ಪೇಟೆಯ ವೇಷವನ್ನು ಹಾಕಿಕೊಂಡಿದ್ದರೂ ನಾಲಿಗೆಯನ್ನು ಬದಲಿಸಿಕೊಂಡಿರಲಿಲ್ಲ.

ಬೀದಿಗಳು ಇಷ್ಟು ಇಕ್ಕಟ್ಟಾಗಿರುವುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ೧೯೦೮ರ ಸುಮಾರಿನಲ್ಲಿ ಕಂದಾಯದ ಅಧಿಕಾರಿಗಳು ದಿಲ್ಲಿಯ ಸುತ್ತಣ ಹಳ್ಳಿಗಳ ನಕಾಶೆಗಳಲ್ಲಿ ಜನವಸತಿಯ ಸುತ್ತ ಒಂದು ಕೆಂಪು ಗೆರೆಯನ್ನು ಎಳೆದರು. ಗೆರೆಯ ಒಳಗಿನದು ಮನೆಗಳ ನೆಲ, ಹೊರಗಿನದು ಹೊಲ. ಅದನ್ನು ಇಲ್ಲಿಯವರು "ಲಾಲ್ ಡೋರಾ", ಎಂದರೆ ಕೆಂಪು ದಾರ, ಎಂದು ಕರೆಯುವರು. ನಮ್ಮ ಕಡೆಯಲ್ಲಿ ಗ್ರಾಮಠಾಣವೆನ್ನುವುದು ಇದನ್ನೇ. ಮುಂದೆ ನಗರವು ಬೆಳೆದು ಬಂದಾಗ ದಾರದ ಹೊರಗಿನ ಹೊಲಗಳನ್ನು ಸರಕಾರವು ಪರಿಹಾರ ಕೊಟ್ಟು ವಶಪಡಿಸಿಕೊಂಡಿತು. ದಾರದ ಒಳಗಿನ ಊರು ಹಾಗೆಯೇ ಉಳಿಯಿತು. ಸಂಸಾರಗಳು ಬೆಳೆದುವು, ಬಾಡಿಗೆಗೆ ಜನರು ಬಂದರು, ನೆಲವು ಮಾತ್ರ ಬೆಳೆಯಲಿಲ್ಲ. ಅಗಲಕ್ಕೆ ಬೆಳೆಯಲಾರದ ಊರು ಎತ್ತರಕ್ಕೆ ಬೆಳೆಯಿತು. ಕೆಂಪು ದಾರದ ಹೊರಗೆ ಹೋದ ಇಂತಹ ಹಳ್ಳಿಗಳ ಹೊಲಗಳ ಮೇಲೆಯೇ ದ್ವಾರಕಾ ಉಪನಗರವು ೧೯೮೦ರ ದಶಕದ ಕೊನೆಯಿಂದೀಚೆಗೆ ಎದ್ದುದು. ಮೊದಲು ಅದರ ಹೆಸರು ಕೂಡ ಪಪ್ಪನ್‌ಕಲಾಂ ಎಂಬ ಹಳ್ಳಿಯದೇ ಆಗಿದ್ದಿತು.

ಊರಿನ ಚೌಪಾಲಿನ ಮುಂದೆ ನಾವು ಟಿಪ್ಪಣಿ ಬರೆದುಕೊಳ್ಳುತ್ತ ನಿಂತಿದ್ದೆವು. ಚೌಪಾಲ್ ಎಂದರೆ ನಮ್ಮ ಹಳ್ಳಿಗಳ ಅರಳಿಕಟ್ಟೆಯಿದ್ದಂತೆ. ಪಂಚಾಯಿತಿ ಸೇರುವ ಸ್ಥಳ. ದಿಲ್ಲಿಯ ೩೬೦ ಹಳ್ಳಿಗಳಿಗೆ ಪಾಲಮೇ ಹಿರಿಯೂರೆಂಬ ಸಂಪ್ರದಾಯವು ಇಂದಿಗೂ ನಡೆದುಬಂದಿದೆ. ಅಲ್ಲಿ ಕುಳಿತಿದ್ದ ಬಿಳಿಯ ಪೇಟದ ಮುದುಕರೊಬ್ಬರು ನಮ್ಮನ್ನು ಕರೆದು, "ಥಾರಾ ಗಾಮ್ ಕೌಣ್ ಸಾ ಸೈ?" ಎಂದು ಕೇಳಿದರು. ನಿಮ್ಮ ಊರು ಯಾವುದು ಎಂಬ ಅದೇ ಪ್ರಶ್ನೆ! ಗುರುಗಳಿಂದ ತಪ್ಪಿಸಿಕೊಂಡು ಬಂದರೂ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ.

"ದಿಲ್ಲಿ, ದಾದಾಜಿ" ಎಂದೆವು.

ಮುದುಕರು ಗಟ್ಟಿಯಾಗಿ ನಕ್ಕರು. ದಿಲ್ಲಿ ಯಾರ ಊರೂ ಅಲ್ಲವೆಂದೂ, ಬಂದವರು ಹೋದವರು ಇರುವ ಛತ್ರವೆಂದೂ ಹೇಳಿದರು. ಆ ಬಳಿಕ ತಮ್ಮ ಊರಿನ ಕತೆಯನ್ನು ಹೇಳತೊಡಗಿದರು.

ಇಂದಿನ ರಾಜಸ್ಥಾನದ ಟೋಡಾ ರಾಯಸಿಂಗ್ ಎಂಬಲ್ಲಿ ದಾದಾದೇವನೆಂಬ ಸಂತನೊಬ್ಬನಿದ್ದನಂತೆ. ಅವನು ಒಂದು ಶಿಲೆಯ ಮೇಲೆ ಕುಳಿತು ತಪಸ್ಸು ಮಾಡುತ್ತಿದ್ದನು. ಅವನ ಕಾಲವಾದ ಮೇಲೆ ಅವನ ಜನರು ಊರು ಬಿಡಬೇಕಾಗಿ ಬಂದಿತು. ಅವರು ಆ ಶಿಲೆಯನ್ನು ಬಂಡಿಯ ಮೇಲೆ ಹೇರಿಕೊಂಡು, ಅದು ಎಲ್ಲಿ ಕೆಳಗೆ ಬೀಳುವುದೋ ಅಲ್ಲಿ ನೆಲಸುವೆವೆಂದು ಹೊರಟರು. ಶಿಲೆ ಬಿದ್ದ ಸ್ಥಳವೇ ಪಾಲಮ್. ಇಂದಿಗೂ ಅಲ್ಲಿ ದಾದಾದೇವನ ಗುಡಿಯಿದೆ. ಆ ಶಿಲೆಯನ್ನು ಭಕ್ತಿಯಿಂದ ಪೂಜಿಸುವರು. ದಸರೆಯಲ್ಲಿ ಜಾತ್ರೆ ಸೇರುವುದು. ಇದು ಐತಿಹ್ಯ. ಇದನ್ನು ಶಾಸನದಂತೆ ಪ್ರಮಾಣವೆಂದು ಹಿಡಿಯಲಾಗದು. ಆದರೆ ಊರಿನವರು ತಮ್ಮನ್ನು ತಾವು ಹೇಗೆ ತಿಳಿದಿದ್ದಾರೆಂಬುದನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ಹೇಳಲಾರದು.

ಐತಿಹ್ಯಕ್ಕೆ ಒಂದು ಕಲ್ಲಿದ್ದಂತೆ ಚರಿತ್ರೆಗೂ ಪಾಲಮಿನಲ್ಲಿ ಒಂದು ಕಲ್ಲಿದ್ದಿತು. ಅದರ ವಿಚಾರವನ್ನು ನಾವು ಗ್ರಂಥಾಲಯದಲ್ಲಿ ಓದಿ ತಿಳಿದೆವು. ೧೨೭೬ರಲ್ಲಿ, ಗಿಯಾಸುದ್ದೀನ್ ಬಲ್ಬನನು ದಿಲ್ಲಿಯನ್ನು ಆಳುತ್ತಿದ್ದಾಗ, ಉದ್ಧರನೆಂಬ ಧನಿಕನು ಇಲ್ಲಿ ಒಂದು ಮೆಟ್ಟಿಲುಬಾವಿಯನ್ನು ಕಟ್ಟಿಸಿ ಶಾಸನ ಹಾಕಿಸಿದನು. ಅವನ ವಂಶದವರು ಮುಲ್ತಾನಿನ ಕಡೆಯ ಉಚ್ಚಾಪುರಿಯವರು. ಶಾಸನವನ್ನು ರಚಿಸಿದವನು ಪಂಡಿತ ಯೋಗೀಶ್ವರ. ಭಾಷೆ ಸಂಸ್ಕೃತ, ಕಡೆಯಲ್ಲಿ ಸ್ವಲ್ಪ ಭಾಗ ಆ ಸೀಮೆಯ ಆಡುನುಡಿ. ಹರಿಯಾನಕವೆಂಬ ಈ ದೇಶವನ್ನು ಮೊದಲು ತೋಮರರು, ಆಮೇಲೆ ಚೌಹಾಣರು ಆಳಿದರೆಂದೂ ಈಗ ಶಕರು ಆಳುವರೆಂದೂ ಅದು ಹೇಳುವುದು. ಶಕರೆಂದರೆ ಇಲ್ಲಿ ಸುಲ್ತಾನರು. ಅವರ ಹೆಸರುಗಳನ್ನೂ ಕ್ರಮವಾಗಿ ಎಣಿಸುವುದು. ದಿಲ್ಲಿಯನ್ನು ಢಿಲ್ಲಿಯೆಂದೂ ಯೋಗಿನೀಪುರವೆಂದೂ ಕರೆಯುವುದು. ಊರಿನ ಹೆಸರು ಅದರಲ್ಲಿ ಪಾಲಂಬ. ಎಂದರೆ, ಸುಮಾರು ಏಳೂವರೆ ನೂರು ವರ್ಷಗಳ ಹಿಂದೆಯೇ ಈ ಊರು ಇದೇ ಹೆಸರಿನಿಂದ ಇದ್ದಿತೆಂಬುದು ನಿರ್ವಿವಾದ. ನಮ್ಮ ದ್ವಾರಕಾದ ವಯಸ್ಸು ಇದರ ಮುಂದೆ ಎಷ್ಟರದು!

ಕನ್ನಡಿಗರಾದ ನಮಗೆ ಈ ಶಾಸನದ ಮಾತು ಹೊಸದಾಗಿ ತೋರಲಿಲ್ಲ. ಕೆರೆ, ಬಾವಿ, ಅರವಟ್ಟಿಗೆಗಳನ್ನು ಮಾಡಿಸಿದವರ ಹೆಸರುಗಳನ್ನು ನಮ್ಮ ನಾಡಿನ ಸಾವಿರಾರು ಕಲ್ಲುಗಳು ಹೇಳುತ್ತಿರುವುವು. ದಿಲ್ಲಿಯ ಈ ನೈಋತ್ಯ ಭಾಗದಲ್ಲಿ ನೆಲದೊಳಗಿನ ನೀರು ಬಹುಮಟ್ಟಿಗೆ ಉಪ್ಪು. ನಮ್ಮ ತಂದೆತಾಯಿಗಳು ದ್ವಾರಕಾಕ್ಕೆ ಬಂದ ಮೊದಲ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ ಬಿಂದಿಗೆ ಸಾಲು ಮಾಡಿದ ಕತೆಯನ್ನು ಈಗಲೂ ಹೇಳುವರು. ಅಂತಹ ನೆಲದಲ್ಲಿ ದಾರಿಹೋಕರಿಗೆಂದು ಬಾವಿ ತೋಡಿಸಿದವನ ಪುಣ್ಯ ಎಷ್ಟು ದೊಡ್ಡದೆಂಬುದನ್ನು ಬಿಂದಿಗೆ ಹಿಡಿದು ನಿಂತವರೇ ಬಲ್ಲರು. ಆ ಶಾಸನವು ಕೆಂಪುಕೋಟೆಯ ಸಂಗ್ರಹಾಲಯಕ್ಕೆ ಸೇರಿತು. ಬಾವಿ ಎಲ್ಲಿದ್ದಿತೆಂದು ಊರಿನಲ್ಲಿ ನಾಲ್ಕಾರು ಜನರನ್ನು ಕೇಳಿದೆವು. ಯಾರೂ ತೋರಿಸಲಾರದೆ ಹೋದರು. ಹಾಸನ ಜಿಲ್ಲೆಯ ಹಲ್ಮಿಡಿಯ ಗತಿಯೂ ಇಂತಹುದೇ ಅಲ್ಲವೇ? ಸುಮಾರು ೪೫೦ರ ಕಾಲದ ಆ ಶಾಸನದ ಮೂಲ ಬೇರೆಡೆಯಲ್ಲಿದೆ, ಊರಿನಲ್ಲಿ ಪ್ರತಿಕೃತಿಯಿದೆ. ಪಾಲಮಿನಲ್ಲಿ ನಮ್ಮ ಕಣ್ಣಿಗೆ ಪ್ರತಿಕೃತಿಯೂ ಬೀಳಲಿಲ್ಲ.

ಪಾಲಮಿನ ಹೆಸರು ಮತ್ತೊಂದು ರೀತಿಯಲ್ಲಿಯೂ ಪ್ರಸಿದ್ಧವಾಗಿದೆ. ಮೊಗಲ್ ಸಾಮ್ರಾಜ್ಯವು ಕುಗ್ಗಿದ ಕಾಲದಲ್ಲಿ, ಶಾಹ್ ಆಲಮನ ರಾಜ್ಯವು ದಿಲ್ಲಿಯಿಂದ ಪಾಲಮಿನವರೆಗೆ ಮಾತ್ರ ಎಂದು ಜನರು ಗಾದೆ ಕಟ್ಟಿ ನಕ್ಕರು. ೧೮೦೬ರಲ್ಲಿ ತೀರಿಕೊಂಡ ಎರಡನೆಯ ಶಾಹ್ ಆಲಮನಿಗೆ ಇದನ್ನು ಸಾಮಾನ್ಯವಾಗಿ ಅನ್ವಯಿಸುವರು. ಹದಿನೈದನೆಯ ಶತಮಾನದ ಸಯ್ಯದ್ ಸುಲ್ತಾನ ಆಲಮ್ ಶಾಹನಿಗೆ ಅನ್ವಯಿಸುವವರೂ ಉಂಟು. ಯಾರದಾದರೂ ಆಗಲಿ, ಕೆಂಪುಕೋಟೆಯಿಂದ ಪಾಲಮಿಗೆ ಸುಮಾರು ನಾಲ್ಕು ಹರದಾರಿ. ಸಾಮ್ರಾಜ್ಯದ ಗಡಿಯನ್ನು ಅಳೆಯುವುದಕ್ಕೆ ಒಂದು ಹಳ್ಳಿಯ ಹೆಸರು ಬೇಕಾಯಿತು. ಸಾಮ್ರಾಜ್ಯ ಹೋಯಿತು, ಹಳ್ಳಿ ಇದೆ.

ಮೂರನೆಯ ಪ್ರಸಿದ್ಧಿ ವಿಮಾನಗಳಿಂದ ಬಂದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಇಲ್ಲಿ ವಿಮಾನದಾಣವನ್ನು ಮಾಡಿದರು. ೧೯೬೨ರಲ್ಲಿ ಪ್ರಯಾಣಿಕರ ವಿಮಾನಗಳು ಸಫ್ದರ್‌ಜಂಗಿನಿಂದ ಇಲ್ಲಿಗೆ ಬಂದುವು. ಬಹುಕಾಲ ದಿಲ್ಲಿಯ ವಿಮಾನನಿಲ್ದಾಣವೆಂದರೆ ಪಾಲಮೇ ಆಗಿದ್ದಿತು. ೧೯೮೬ರಲ್ಲಿ ಅದಕ್ಕೆ ಇಂದಿರಾ ಗಾಂಧಿಯವರ ಹೆಸರನ್ನಿಟ್ಟರು. ೨೦೧೦ರಲ್ಲಿ ಅದರ ದೊಡ್ಡ ಮೂರನೆಯ ಟರ್ಮಿನಲ್ ತೆರೆಯಿತು. ಇಂಗ್ಲೆಂಡಿನಲ್ಲಿಯೂ ಇಂತಹದೇ ಒಂದು ಸಂಗತಿ ನಡೆದಿದೆ. ಲಂಡನ್ನಿನ ಪಶ್ಚಿಮಕ್ಕೆ ಹೀಥ್ರೋ ಎಂಬ ಚಿಕ್ಕ ಹಳ್ಳಿಯಿದ್ದಿತು. ೧೯೪೪ರಲ್ಲಿ ವಿಮಾನನಿಲ್ದಾಣಕ್ಕಾಗಿ ಅದನ್ನು ಕೆಡವಿದರು. ಅಲ್ಲಿ ಊರು ಹೋಗಿ ನಿಲ್ದಾಣದಲ್ಲಿ ಹೆಸರು ಉಳಿಯಿತು. ಇಲ್ಲಿ ನಿಲ್ದಾಣದಿಂದ ಹೆಸರು ಹೋಗಿ ಊರು ಉಳಿಯಿತು. ಎರಡರಲ್ಲಿ ಯಾವುದು ಮೇಲು ಎಂದು ನಾವು ಆ ಮುದುಕರನ್ನು ಕೇಳಿದೆವು.

ಅವರು ಕೂಡಲೇ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಒಂದು ವಿಮಾನವು ತಲೆಯ ಮೇಲೆ ಹಾದುಹೋಯಿತು. ಶಬ್ದ ಅಡಗುವವರೆಗೂ ಚೌಪಾಲಿನಲ್ಲಿ ಯಾರೂ ಮಾತಾಡಲಿಲ್ಲ; ಅದು ಅವರಿಗೆ ರೂಢಿಯಾಗಿದ್ದಂತೆ ತೋರಿತು. ಆಮೇಲೆ ಮುದುಕರು, ತಮ್ಮ ತಂದೆಯ ಹೊಲದಲ್ಲಿ ಗೋಧಿ, ಸಾಸಿವೆ, ಸಜ್ಜೆ ಬೆಳೆಯುತ್ತಿದ್ದುದನ್ನು ಹೇಳಿದರು. ಹೊಲ ಹೋದಾಗ ಹಣ ಬಂದಿತು. ಹಣದಿಂದ ಮನೆ ಎದ್ದಿತು. ಮನೆಯಿಂದ ಬಾಡಿಗೆ ಬರುವುದು. "ಹಸಿವಿಲ್ಲ. ಆದರೆ ಬೆಳಗಾಗೆದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ" ಎಂದರು. ಈ ಮಾತನ್ನು ಅವರು ನಗುತ್ತಲೇ ಹೇಳಿದರು. ನಮಗೆ ಮಾತ್ರ ನಗು ಬರಲಿಲ್ಲ. ನಮ್ಮ ಮನೆಯಿರುವ ನೆಲವು ಅವರ ತಂದೆಯ ಹೊಲವಾಗಿರಲಾರದು. ಆದರೆ ಯಾರೋ ಒಬ್ಬರ ತಂದೆಯ ಹೊಲವಾಗಿದ್ದುದಂತೂ ನಿಜ. ನಾವು ಊರಿಲ್ಲದವರೆಂದು ದುಃಖಪಡುತ್ತಿದ್ದೆವು. ಮತ್ತೊಬ್ಬರ ಊರಿನ ಮೇಲೆ ಕುಳಿತು ದುಃಖಪಡುತ್ತಿದ್ದೆವೆಂಬುದು ಆಗ ಹೊಳೆಯಿತು.

ಮನೆಗೆ ಬಂದು ಅಜ್ಜಿಗೆ ನಡೆದುದನ್ನೆಲ್ಲ ಹೇಳಿದೆವು. ಶಾಸನ, ಸುಲ್ತಾನ, ವಿಮಾನಗಳ ವಿಚಾರವನ್ನು ಅವರು ಸುಮ್ಮನೆ ಕೇಳಿದರು. ಬಂಡಿಯಿಂದ ಶಿಲೆ ಬಿದ್ದ ಕತೆ ಬಂದಾಗ ಮಾತ್ರ, "ಮತ್ತೊಂದು ಸಲ ಹೇಳಿ" ಎಂದರು. ಹೇಳಿದೆವು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ನಾವೂ ಚೌಡಿಕಲ್ಲನ್ನ ಗಾಡಿ ಮೇಲೆ ಹೇರಿಕೊಂಡೇ ಬಂದಿದ್ವಿ" ಎಂದರು.

ಅಂದು ರಾತ್ರಿ ಅಜ್ಜಿ ಹೇಳಿದ ಸಂಗತಿಗಳನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. ನಮ್ಮ ತಂದೆಯವರೂ ಕೇಳಿರಲಿಲ್ಲ. ಹೊಳೆಯ ದಂಡೆಯಲ್ಲಿ ಹದಿನೆಂಟು ಮನೆಗಳ ಊರು. ನೀರು ಏರುವುದೆಂದು ಹೇಳಿದರೂ ಹಿರಿಯರು ನಂಬಲಿಲ್ಲ. ಆ ವರ್ಷವೂ ಗದ್ದೆಗೆ ಬೀಜ ಹಾಕಿದ್ದರು. ಕಡೆಗೆ ಮನೆಯ ಹೆಂಚು, ತೊಲೆ, ಬಾಗಿಲುಗಳನ್ನು ಕಳಚಿ ಗಾಡಿಗೆ ಹೇರಿದರು. ಊರ ಹೊರಗಿನ ಚೌಡಿಯ ಕಲ್ಲನ್ನು ಬಿಡುವುದೆಂತು ಎಂದು ಜಗಳವಾಯಿತು. ಅಜ್ಜಿಯ ತಂದೆ ಅದನ್ನು ಕಿತ್ತು, ಹುಲ್ಲಿನ ಮೇಲೆ ಮಲಗಿಸಿ ತಂದರು. ಹತ್ತು ವರ್ಷದ ಅಜ್ಜಿ ಅದರ ಪಕ್ಕದಲ್ಲಿ ಕುಳಿತು ಬಂದರು. ಕೊಟ್ಟ ಜಾಗ ಕಾಡು. ಆ ಕಾಡನ್ನು ಕಡಿದು ಗದ್ದೆ ಮಾಡಿದರು. ಆ ಭೂಮಿಗೆ ಹಕ್ಕುಪತ್ರವು ನಮ್ಮ ದೊಡ್ಡಪ್ಪನ ಕೈಗೆ ಇಂದಿಗೂ ಬಂದಿಲ್ಲ. ಊರನ್ನು ಮುಳುಗಿಸಿದ ನೀರಿನಿಂದ ನಾಡಿಗೆಲ್ಲ ದೀಪ ಹತ್ತಿತು. ಅಜ್ಜಿಯ ಹೊಸ ಮನೆಗೆ ದೀಪ ಬಂದುದು ಅವರಿಗೆ ಮದುವೆಯಾಗಿ ಮಕ್ಕಳಾದ ಮೇಲೆ.

ಮುಂದಿನ ಭಾನುವಾರ ಅಜ್ಜಿಯನ್ನು ಪಾಲಮಿಗೆ ಕರೆದುಕೊಂಡು ಹೋದೆವು. ದಿಲ್ಲಿಗೆ ಬಂದ ಮೇಲೆ ಅವರು ತಾವಾಗಿ ಹೊರಗೆ ಹೋಗಬೇಕೆಂದು ಕೇಳಿದ್ದು ಅದೇ ಮೊದಲು. ದಾದಾದೇವನ ಗುಡಿಯಲ್ಲಿ ಅಜ್ಜಿ ಕೈಮುಗಿದು ನಿಂತರು. ಚೌಪಾಲಿನ ಮುದುಕರ ಮನೆಯಾಕೆ, ನಾವು ದಾದಿಯೆಂದು ಕರೆಯುವವರು, ಜೊತೆಯಲ್ಲಿ ಬಂದಿದ್ದರು. ಅಜ್ಜಿಗೆ ಹಿಂದಿ ಬಾರದು. ದಾದಿಗೆ ಕನ್ನಡ ಬಾರದು. ನಾವು ನಡುವೆ ನಿಂತು ಭಾಷಾಂತರ ಮಾಡಲು ಸಿದ್ಧರಾದೆವು. ಆದರೆ ನಮ್ಮ ಅಗತ್ಯ ಹೆಚ್ಚಾಗಿ ಬೀಳಲಿಲ್ಲ. ಮನೆಗೆ ಹೋದ ಮೇಲೆ ದಾದಿ ಒಂದು ಲೋಟ ಮಜ್ಜಿಗೆ ಕೊಟ್ಟರು. ಅಜ್ಜಿ ಕುಡಿದು, ಕೊಟ್ಟಿಗೆಯ ಎಮ್ಮೆಯ ಕೆಚ್ಚಲನ್ನು ನೋಡಿ, ಎಷ್ಟು ತಿಂಗಳ ಗಬ್ಬವೆಂದು ಬೆರಳಿನಲ್ಲಿ ಕೇಳಿದರು. ದಾದಿ ಬೆರಳಿನಲ್ಲಿಯೇ ಉತ್ತರ ಹೇಳಿದರು. ನಾವು ಹೊರಡಬೇಕೆಂದು ಮೂರು ಸಲ ಹೇಳಬೇಕಾಯಿತು.

ಬರುವಾಗ ಅಜ್ಜಿ, "ಇವರದ್ದು ಊರು ಇದೆ, ಹೊಲ ಇಲ್ಲ. ನಮ್ಮದು ಹೊಲ ಇದೆ, ಊರಿಲ್ಲ" ಎಂದರು. ಇದರಿಂದ ಅವರ ದುಃಖ ಕಳೆಯಿತೆಂದು ನಾವು ಹೇಳಲಾರೆವು. ಚೈತ್ರದಲ್ಲಿ ಅವರು ದೊಡ್ಡಪ್ಪನ ಮನ��ಗೆ ಹೊರಟುಹೋದರು. ದಿಲ್ಲಿಯು ಅವರಿಗೆ ಒಗ್ಗಲಿಲ್ಲ. ಆದರೆ ದೂರವಾಣಿಯಲ್ಲಿ ಮಾತನಾಡುವಾಗಲೆಲ್ಲ ಆ ಎಮ್ಮೆ ಕರು ಹಾಕಿತೇ ಎಂದು ಕೇಳಿ, ಹಾಕಿತೆಂದು ತಿಳಿದ ಮೇಲೆಯೇ ಸುಮ್ಮನಾದರು.

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಡರ್ವೆಂಟ್ ಎಂಬ ಹಳ್ಳಿಯು ೧೯೪೩ರಿಂದ ೧೯೪೫ರವರೆಗೆ ತುಂಬಿದ ಜಲಾಶಯವೊಂದರಲ್ಲಿ ಮುಳುಗಿತೆಂದೂ, ಅದರ ಚರ್ಚಿನ ಗೋಪುರವು ೧೯೪೭ರವರೆಗೆ ನೀರಿನ ಮೇಲೆ ನಿಂತಿದ್ದಿತೆಂದೂ, ಬರಗಾಲದ ವರ್ಷಗಳಲ್ಲಿ ಊರಿನ ಅವಶೇಷಗಳನ್ನು ನೋಡಲು ಜನರು ಸೇರುವರೆಂದೂ ಆಮೇಲೆ ಓದಿದೆವು. ಲಿಂಗನಮಕ್ಕಿಯ ನೀರು ಇಳಿದ ಬೇಸಗೆಗಳಲ್ಲಿಯೂ ಅದಕ್ಕಿಂತ ಹಿಂದೆ, ೧೯೪೦ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುವುದು. ಮುಂದಿನ ರಜೆಯಲ್ಲಿ ನೀರು ಇಳಿದಿದ್ದರೆ ಅಜ್ಜಿ ನಮ್ಮನ್ನು ದಂಡೆಗೆ ಕರೆದುಕೊಂಡು ಹೋಗಿ, ತಮ್ಮ ಮನೆ ಯಾವ ದಿಕ್ಕಿನಲ್ಲಿದ್ದಿತೆಂದು ತೋರಿಸುವುದಾಗಿ ಮಾತು ಕೊಟ್ಟಿದ್ದಾರೆ.

ಅಣೆಕಟ್ಟು ಬೇಡವಾಗಿತ್ತು, ವಿಮಾನನಿಲ್ದಾಣ ಬೇಡವಾಗಿತ್ತು ಎಂದು ನಾವು ವಾದಿಸುವುದಿಲ್ಲ. ನಾವು ಓದುವುದು ದೀಪದ ಬೆಳಕಿನಲ್ಲಿ. ಅಜ್ಜ ತೀರಿಕೊಂಡಾಗ ತಂದೆಯವರು ಹೋದುದು ವಿಮಾನದಲ್ಲಿ. ಆದರೆ ಆ ಚರ್ಚಾಸ್ಪರ್ಧೆಯ ವಾಕ್ಯವನ್ನು ಇನ್ನೊಮ್ಮೆ ಹೇಳಲು ನಮ್ಮ ಬಾಯಿ ಬರುವುದಿಲ್ಲ. ಕೇಳದೆ ಪಡೆದುದನ್ನು ತ್ಯಾಗವೆನ್ನಬಾರದು. ಪಡೆದವರು ಕೊನೆಯ ಪಕ್ಷ ಕೊಟ್ಟವರ ಹೆಸರನ್ನಾದರೂ ತಿಳಿದಿರಬೇಕು.

ಮಿತ್ರರೆ, ನಿಮ್ಮಲ್ಲಿ ರಾಮಕೃಷ್ಣಪುರದ ಸರಕಾರಿ ಮನೆಗಳಲ್ಲಿ ಇರುವವರುಂಟು. ನಿಮ್ಮ ನೆರೆಯಲ್ಲಿ ಮುನಿರ್ಕಾ ಇದೆ, ಮಹಮ್ಮದ್‌ಪುರವಿದೆ. ನಮ್ಮಲ್ಲಿ ಹಲವರು ಆಡಿ ಬೆಳೆದ ಲೋದಿ ಉದ್ಯಾನವನ್ನು ೧೯೩೬ರಲ್ಲಿ ಮಾಡುವಾಗ ಅಲ್ಲಿದ್ದ ಖೈರ್‌ಪುರವೆಂಬ ಹಳ್ಳಿಯನ್ನು ಎಬ್ಬಿಸಿದರು. ರಾಷ್ಟ್ರಪತಿ ಭವನವಿರುವ ಗುಡ್ಡದ ಹೆಸರು ರೈಸಿನಾ. ಅದೂ ಒಂದು ಹಳ್ಳಿಯ ಹೆಸರೇ. ಒಂದು ಭಾನುವಾರ ಹೋಗಿ ನಿಮ್ಮ ನೆರೆಯೂರನ್ನು ನೋಡಿರಿ. ಅಲ್ಲಿಯ ಹಿರಿಯರನ್ನು ಮಾತನಾಡಿಸಿರಿ. ಅವರು ನಿಮ್ಮ ಊರು ಯಾವುದೆಂದು ಕೇಳಿಯೇ ಕೇಳುವರು. ಉತ್ತರವನ್ನು ಮನೆಯ ಹಿರಿಯರಿಂದ ಮೊದಲೇ ಕೇಳಿ ತಿಳಿದುಕೊಂಡು ಹೋಗಿರಿ.

ನಮ್ಮ ಪ್ರಬಂಧವನ್ನು ಗುರುಗಳು ಓದಿ, ಶಾಸನದ ವರ್ಷವನ್ನು ತಪ್ಪಾಗಿ ಬರೆದಿದ್ದಕ್ಕೆ ಒಂದು ಅಂಕ ಕಳೆದರು. ಅದನ್ನು ಇಲ್ಲಿ ತಿದ್ದಿ ಬರೆದಿದ್ದೇವೆ. ಈ ವರ್ಷ ಶಾಲೆಯ ಅರ್ಜಿಯಲ್ಲಿ "ಸ್ವಂತ ಊರು" ಎಂಬಲ್ಲಿ ಅಜ್ಜಿಯ ಊರಿನ ಹೆಸರನ್ನು ಬರೆದೆವು. ಅದು ಈಗ ಯಾವ ಬಸ್ಸಿನ ಹಲಗೆಯ ಮೇಲೂ ಇಲ್ಲ. ಅದರ ಕೆಳಗೆ ಸ್ವಲ್ಪ ಜಾಗ ಉಳಿದಿದ್ದಿತು. ಅಲ್ಲಿ "ನೆರೆಯೂರು: ಪಾಲಮ್" ಎಂದು ಸೇರಿಸಿದೆವು.